ಟ್ಯೂಬ್‌ಲೆಸ್ ಆಮೇಲೆ ಮಾಡಿಸಿ, ಮೊದಲು ಕಡ್ಡಿ ನೋಡಿ

ಹೀರೋ ಕಂಪನಿಯ ಕಡ್ಡಿ ಗಾಲಿಯ ಬೈಕ್ ಎಕ್ಸ್‌ಪಲ್ಸ್ ತಗೊಂಡ ನಮ್ಮ ಹುಬ್ಬಳ್ಳಿ ಹುಡುಗರು ಸಿಕ್ಕಾಗೆಲ್ಲ ಕೇಳುವ ಪ್ರಶ್ನೆ ಒಂದೇ. "ಅಣ್ಣಾ, ಟ್ಯೂಬ್‌ಲೆಸ್ ಮಾಡಿಸ್ಲೇನು? ಇಲ್ಲಾ ಅಲಾಯ್ ಹಾಕಿಸ್ಲೇನು?" ಅಲಾಯ್ ಅಂದರೆ ಕಡ್ಡಿಯಿಲ್ಲದ ಎರಕದ ಗಾಲಿ. ನಾನು ತಿರುಗಿ ಕೇಳುವುದೂ ಒಂದೇ: ಇರುವ ಗಾಲಿಯ ಕಡ್ಡಿ (ಸ್ಪೋಕ್) ಯಾವಾಗ ನೋಡಿಸಿದ್ದೆ? ಚೈನಿಗೆ ಎಣ್ಣೆ ಬಿಟ್ಟಿರುತ್ತಾರೆ, ಎಂಜಿನ್ ಆಯಿಲ್ ಬದಲಿಸಿರುತ್ತಾರೆ. ಕಡ್ಡಿಗೆ ಮಾತ್ರ ಯಾರೂ ಕೈ ಹಚ್ಚಿರುವುದಿಲ್ಲ.

ಸರ್ವಿಸ್‌ಗೆ ಬಿಟ್ಟರೂ ಅಷ್ಟೇ. ಬಿಲ್ಲಿನಲ್ಲಿ ವೀಲ್ ಚೆಕ್ ಅಂತ ಬರೆದಿರುತ್ತದೆ, ನಿಪ್ಪಲ್ (ರಿಮ್ಮಿನ ಹತ್ತಿರ ಕಡ್ಡಿ ಬಿಗಿ ಮಾಡುವ ಸಣ್ಣ ನಟ್ಟು) ಮೇಲಿನ ಹಳೇ ಮಣ್ಣು ಹಾಗೇ ಕೂತಿರುತ್ತದೆ. ನನಗೆ ನಿಜವಾಗಿ ಸಿಟ್ಟು ಬರುವುದು ಇಲ್ಲಿ.

ಬಹಳ ಜನ ಕಡ್ಡಿ ಜಾಸ್ತಿ ಬಿಗಿಯಾದರೆ ಮುರಿಯುತ್ತದೆ ಅಂದುಕೊಂಡಿದ್ದಾರೆ. ಸಾಮಾನ್ಯವಾಗಿ ಮೊದಲು ಮುರಿಯುವುದು ಸಡಿಲ ಕಡ್ಡಿ. ಗಾಲಿಗೆ ಸಾಧಾರಣ 36 ಕಡ್ಡಿ ಇರುತ್ತವೆ, ಪ್ರತಿಯೊಂದೂ ರಿಮ್ಮನ್ನು ಗಾಲಿಯ ನಡುವಿನ ಹಬ್ಬಿನ ಕಡೆ ಜಗ್ಗಿ ಹಿಡಿದಿರುತ್ತದೆ. ಗಾಲಿ ಉರುಳುವಾಗ ನೆಲದ ಕಡೆ ಬಂದ ಕಡ್ಡಿಯ ಬಿಗಿ ಸ್ವಲ್ಪ ಇಳಿಯುತ್ತದೆ, ಮೇಲೆ ಹೋದಾಗ ಮತ್ತೆ ಏರುತ್ತದೆ. ಬಿಗಿ ಸರಿಯಿದ್ದರೆ ಇದರಿಂದ ಏನೂ ಆಗುವುದಿಲ್ಲ. ಸಡಿಲವಿದ್ದರೆ ಪ್ರತಿ ಸುತ್ತಿಗೂ ಕಡ್ಡಿ ಪೂರ್ತಿ ಜೋಲು ಬಿದ್ದು ಮತ್ತೆ ಜಗ್ಗುತ್ತದೆ. ಆಗಿ ಆಗಿ ಹಬ್ಬಿನ ಹತ್ತಿರ ಬಾಗಿದ ಕಡೆ ಪಟ್ ಅಂತ ಹೋಗುತ್ತದೆ. ಒಂದು ಹೋದರೆ ಅದರ ಭಾರ ಅಕ್ಕಪಕ್ಕದ್ದಕ್ಕೆ.

ಇದನ್ನು ನನಗೆ ತೋರಿಸಿಕೊಟ್ಟವರು ಧಾರವಾಡದ ಒಬ್ಬ ಹಿರಿಯ ಮಿಸ್ತ್ರಿ. ಸೈಕಲ್ ಕಾಲದಿಂದ ಗಾಲಿ ಕಟ್ಟುತ್ತಾ ಬಂದವರು. ಗಾಲಿ ಎತ್ತಿ ನಿಲ್ಲಿಸಿ, ವಾಲ್ವಿನಿಂದ ಶುರು ಮಾಡಿ ಸಣ್ಣ ಸ್ಪ್ಯಾನರ್‌ನಿಂದ ಒಂದೊಂದೇ ಕಡ್ಡಿಗೆ ತಟ್ಟುತ್ತಾ ಹೋದರು. ಟಿಣ್, ಟಿಣ್, ಟಿಣ್. ಒಂದು ಕಡೆ ಬಂದಾಗ ಸಪ್ಪಗೆ ಥಪ್ ಅಂತು. "ಈ ಮೂರು ಕಡ್ಡಿ ದುಡಿಯಾಕತ್ತಿಲ್ಲ ತಮ್ಮಾ. ಬಾಜೂದವು ಇವುಗಳ ಪಾಲಿಂದೂ ದುಡಿಯಾಕತ್ತಾವ" ಅಂದರು. ನಿಪ್ಪಲ್‌ಗೆ ಒಂದು ಹನಿ ಎಣ್ಣೆ ಬಿಟ್ಟು ಕಾಲು ಸುತ್ತು ತಿರುಗಿಸಿದರು, ತಟ್ಟಿದರು, ಮತ್ತೆ ಕಾಲು ಸುತ್ತು. ಅವಸರವೇ ಇಲ್ಲ. ಆಮೇಲೆ ಫೋರ್ಕಿಗೆ ಒಂದು ತಂತಿ ಕಟ್ಟಿ, ತುದಿ ರಿಮ್ಮಿನ ಹತ್ತಿರ ಹಿಡಿದು ಗಾಲಿ ತಿರುಗಿಸಿ ಔಟ್, ಅಂದರೆ ರಿಮ್ಮಿನ ಓಲಾಟ, ನೋಡಿದರು. ಅಕ್ಕಪಕ್ಕಕ್ಕೂ ಮೇಲೆ ಕೆಳಗೂ 2 ಮಿಲಿಮೀಟರ್ ಒಳಗಿದ್ದರೆ ಸಾಮಾನ್ಯವಾಗಿ ಸಾಕು.

ಇಷ್ಟನ್ನು ಮನೆಯಲ್ಲೂ ಮಾಡಬಹುದು. ಬೇಕಾಗಿರುವುದು ಅಳತೆಗೆ ಸರಿಯಾದ ಸ್ಪೋಕ್ ಕೀ, ಬೈಕ್ ಎತ್ತಲು ಒಂದು ಗಟ್ಟಿ ಮರದ ತುಂಡು. ಪ್ಲೈಯರ್ ಮಾತ್ರ ಹಚ್ಚಬೇಡಿ, ನಿಪ್ಪಲ್ ಮೂಲೆ ಸವೆದುಹೋಗುತ್ತದೆ. ಒಂದೇ ಕಡ್ಡಿಯನ್ನು ಎರಡು ಮೂರು ಸುತ್ತು ಬಿಗಿ ಮಾಡಬೇಕಾಗಿ ಬಂತು ಅಂದರೆ ನಿಲ್ಲಿಸಿ. ಅದರ ತುದಿ ಒಳಗೆ ಚಾಚಿ ಟ್ಯೂಬಿಗೆ ಚುಚ್ಚಬಹುದು. ಟೈರ್ ಬಿಚ್ಚಿಸಿ, ತುದಿ ಅರದಿಂದ ಉಜ್ಜಿಸಿ, ಹೊಸ ರಿಮ್ ಟೇಪ್ ಹಾಕಿಸಿ.

ನಮ್ಮ ಕಡೆ ಇದೆಲ್ಲ ಇನ್ನೂ ಜಾಸ್ತಿ ಬೇಕು. ನವಲಗುಂದ, ಅಣ್ಣಿಗೇರಿ ಸುತ್ತಿನ ಎರೆ ಮಣ್ಣಿನ ರಾಡಿ ನಿಪ್ಪಲ್ ಸುತ್ತ ಮೆತ್ತಿಕೊಂಡರೆ ಒಳಗೆ ತೇವ ಹಿಡಿದಿಟ್ಟುಕೊಳ್ಳುತ್ತದೆ, ಸದ್ದಿಲ್ಲದೆ ತುಕ್ಕು ಹಿಡಿಯುತ್ತದೆ. ಒಣಗಿದ ಮೇಲೆ ಕೆರೆದು ತೆಗೆಯೋದು ದೊಡ್ಡ ಕೆಲಸ. ಹಸಿ ಇರುವಾಗಲೇ ತೊಳೆಯಿರಿ. ಪ್ರೆಶರ್ ನೀರನ್ನು ಹಬ್ಬಿನ ಸೀಲ್‌ಗೆ ನೇರ ಹೊಡೆಯಬೇಡಿ, ಬೇರಿಂಗ್ ಹೋಗುತ್ತದೆ. ಕಪ್ಪತಗುಡ್ಡದ ಬುಡದ ಊರುಗಳ ಕಡೆ ಗರಸು, ಕಲ್ಲು. ಅಲ್ಲಿ ಹವಾ ತೀರಾ ಇಳಿಸಿದರೆ ರಿಮ್ ಪೆಟ್ಟು ತಿನ್ನುತ್ತದೆ, ಟ್ಯೂಬ್ ಕಚ್ಚಿಕೊಂಡು ಹರಿಯುತ್ತದೆ. ವಾಲ್ವ್ ಓರೆಯಾಗಿ ನಿಂತಿದ್ದರೆ ಟೈರ್ ರಿಮ್ ಮೇಲೆ ಜಾರಿದೆ ಅಂತ ಅರ್ಥ, ಟ್ಯೂಬಿನ ವಾಲ್ವ್ ಕಿತ್ತು ಬರುವ ಮೊದಲು ಸರಿ ಮಾಡಿಸಿ.

ಇನ್ನು ದುಡ್ಡು ಹಾಕುವ ವಿಷಯ. ನನ್ನ ಪ್ರಕಾರ ಮೊದಲ ದುಡ್ಡು ಒಳ್ಳೇ ಬೇರಿಂಗ್‌ಗೆ, ದಪ್ಪ ಟ್ಯೂಬಿಗೆ, ಒಳ್ಳೇ ಟೈರಿಗೆ. ಹಳೇ ಕಡ್ಡಿ ತುಕ್ಕು ಹಿಡಿದಿದ್ದರೆ ಸ್ಟೇನ್‌ಲೆಸ್ ಸ್ಟೀಲ್ ಕಡ್ಡಿ ಕಟ್ಟಿಸಿ. ಉದ್ದ, ದಪ್ಪ ಎರಡೂ ಹಳೇದಕ್ಕೆ ಸರಿ ಹೊಂದಬೇಕು. ಹೊಸ ಕಡ್ಡಿ ಕೂತುಕೊಳ್ಳುವಾಗ ಸ್ವಲ್ಪ ಸಡಿಲವಾಗುತ್ತದೆ, ಅದಕ್ಕೆ ಮೊದಲ ಕೆಲವು ನೂರು ಕಿಲೋಮೀಟರ್ ಆದಮೇಲೆ ಮತ್ತೆ ಬಿಗಿ ನೋಡಿಸಲೇಬೇಕು.

ರಿಮ್ಮಿನ ಕಡ್ಡಿ ತೂತುಗಳಿಂದ ಹವಾ ಹೋಗದಂತೆ ಟೇಪ್, ಗಮ್ ಹಚ್ಚಿ ಟ್ಯೂಬ್‌ಲೆಸ್ ಮಾಡೋದನ್ನ ನಾನು ಒಪ್ಪುವುದಿಲ್ಲ. ಟ್ಯೂಬ್‌ಲೆಸ್ ರಿಮ್ಮಿನ ಒಳಗೆ ಟೈರಿನ ಅಂಚು ಜಾರದಂತೆ ಒಂದು ಉಬ್ಬು ಇರುತ್ತದೆ. ಟ್ಯೂಬ್ ರಿಮ್ಮಿಗೆ ಸಾಮಾನ್ಯವಾಗಿ ಅದಿಲ್ಲ. ಹವಾ ದಿಢೀರ್ ಇಳಿದರೆ ಟೈರಿನ ಅಂಚು ಕಳಚಿಕೊಳ್ಳಬಹುದು. ಮುಂದಿನ ಗಾಲಿಯಲ್ಲಿ ಹಾಗಾದರೆ ಏನು ಗತಿ? ಮೇಲಾಗಿ ಕಡ್ಡಿ ಬಿಗಿ ಮಾಡಿದಾಗೆಲ್ಲ ಆ ಸೀಲ್ ಬಿಡುವ ಸಾಧ್ಯತೆ ಇದೆ. ಅದಕ್ಕೆಂದೇ ಮಾಡಿದ ಗಾಲಿಗಳ ಮಾತು ಬೇರೆ. ರಾಯಲ್ ಎನ್‌ಫೀಲ್ಡ್‌ನ ಹಿಮಾಲಯನ್ 450ಗೆ 2024ರಲ್ಲಿ ಟ್ಯೂಬ್‌ಲೆಸ್ ಕಡ್ಡಿ ಗಾಲಿ ಬಂತು, ಅಂಥದ್ದು ಕೈಗೆಟುಕಿದರೆ ಸಂತೋಷ. ಅಲಾಯ್ ಅಂತೀರಾ? 2019ರಲ್ಲಿ ಎಕ್ಸ್‌ಪಲ್ಸ್ ಜೊತೆಗೇ ಬಂದ 200ಟಿ ಅನ್ನು ಕಂಪನಿ 17 ಇಂಚಿನ ಅಲಾಯ್ ಹಾಕಿ ಡಾಂಬರು ರಸ್ತೆಗೆಂದೇ ಮಾಡಿತ್ತು. ಕಲ್ಲಿನ ದಾರಿಗೆ 21 ಇಂಚಿನ ಮುಂದಿನ ಗಾಲಿ ಬೇಕು ಅಂತಲೇ ಅಲ್ವಾ ನಾವು ಈ ಬೈಕ್ ತಗೊಂಡಿದ್ದು? ಕಡ್ಡಿ ಗಾಲಿ ಬಾಗಿದರೆ ಬಹಳಷ್ಟು ಸಲ ರಿಪೇರಿಯಾಗುತ್ತದೆ. ಅಲಾಯ್ ಸೀಳಿದರೆ ಹೊಸದೇ ಗತಿ.

ಕಡ್ಡಿ ಕಟ್ಟುವ ಕೈಗಳು ಕಡಿಮೆಯಾಗುತ್ತಿವೆ. ಒಬ್ಬರು ಅರ್ಧ ದಿನ ಕೂತು ಗಾಲಿ ಕಟ್ಟಿಕೊಟ್ಟರೆ ದಯವಿಟ್ಟು ಚೌಕಾಶಿ ಮಾಡಬೇಡಿ. ಗದಗ, ಹಾವೇರಿ, ರಾಣೆಬೆನ್ನೂರು ಕಡೆ ಈ ಕೆಲಸ ಚೆನ್ನಾಗಿ ಮಾಡುವ ಅಂಗಡಿ ಗೊತ್ತಿದ್ದರೆ ಯಾವ ಓಣಿ ಅಂತ ಕೆಳಗೆ ಬರೆಯಿರಿ. ಮಳೆ ಶುರುವಾಗುವ ಮೊದಲು ಹುಡುಗರನ್ನೆಲ್ಲ ಅಲ್ಲಿಗೆ ಕಳಿಸುತ್ತೇನೆ.