ನಾಯಿಗೆ ದ್ರಾಕ್ಷಿ ಕೊಡ್ಬೋದು ಅನ್ನೋ ಮೆಸೇಜ್ ತಪ್ಪು

ನಮ್ ಚಿಕ್ಕಮಗಳೂರು ಕಡೆ ವಾಟ್ಸಾಪ್ ಗ್ರೂಪ್‌ಗಳಲ್ಲಿ 'ನಾವು ತಿನ್ನೋ ಹಣ್ಣೆಲ್ಲಾ ನಾಯಿಗೂ ಒಳ್ಳೇದು, ದ್ರಾಕ್ಷಿನೂ ಕೊಡಿ' ಅಂತ ಮೆಸೇಜ್ ಓಡಾಡ್ತಿದೆ, ದಯವಿಟ್ಟು ನಂಬ್ಬೇಡಿ. ದ್ರಾಕ್ಷಿ, ಒಣದ್ರಾಕ್ಷಿ ತಿಂದ್ರೆ ನಾಯಿ ಕಿಡ್ನಿನೇ ಫೇಲ್ ಆಗ್ಬೋದು, ಇಷ್ಟು ತಿಂದ್ರೆ ಸೇಫ್ ಅನ್ನೋ ಲೆಕ್ಕ ಇಲ್ಲ, ಒಂದು ನಾಯಿಗೆ ಏನೂ ಆಗಲ್ಲ ಇನ್ನೊಂದ್ರ ಪ್ರಾಣಕ್ಕೇ ಬರುತ್ತೆ. ಅದಕ್ಕೆ ದ್ರಾಕ್ಷಿಲಿರೋ ಟಾರ್ಟಾರಿಕ್ ಆಸಿಡ್ ಅನ್ನೋ ಹುಳಿ ಅಂಶ ಕಾರಣ ಇರ್ಬೋದು ಅಂತಾರೆ, ಹುಣಸೆಹಣ್ಣಲ್ಲೂ ಅದು ಜಾಸ್ತಿನೇ ಇದೆ, ಹಾಗಾಗಿ ಪುಳಿಯೋಗರೆ ಉಳೀತು ಅಂತ ಹಾಕ್ಬೇಡಿ. ತೋಟದೋರು ಕಣದಲ್ಲಿ ಹರಡಿರೋ ಕಾಫಿ ಹಣ್ಣಿನ ಕಡೆನೂ ಗಮನ ಇಡಿ, ಕೆಫೀನ್ ನಾಯಿಗೆ ವಿಷ. ಬಾಳೆಹಣ್ಣು, ಬೀಜ ತೆಗ್ದಿರೋ ಕಲ್ಲಂಗಡಿ ಅಪರೂಪಕ್ಕೆ ಒಂದೆರಡು ಚೂರು ಪರ್ವಾಗಿಲ್ಲ, ಮಾವಿನ ಓಟೆ ಮಾತ್ರ ಎಸೀಬೇಡಿ, ಕರುಳಲ್ಲಿ ಸಿಕ್ಕಾಕೊಳ್ಳುತ್ತೆ. ದ್ರಾಕ್ಷಿ ತಿಂದ್ಬಿಟ್ಟಿದ್ರೆ ವಾಂತಿ ಶುರುವಾಗೋವರ್ಗೂ ಕಾಯ್ಬೇಡಿ, ತಕ್ಷಣ ಪಶು ಡಾಕ್ಟರ್ ಹತ್ರ ಕರ್ಕೊಂಡ್ಹೋಗಿ.