ಸ್ಪಷ್ಟನೆ: ಎಲ್ಲ ಕಾಂಪ್ಯಾಕ್ಟ್ ಎಸ್‌ಯುವಿಗೂ ಶೇ. 18 ಜಿಎಸ್‌ಟಿ ಇಲ್ಲ

‘ಕಾಂಪ್ಯಾಕ್ಟ್ ಎಸ್‌ಯುವಿಗಳಿಗೆಲ್ಲ ಈಗ ಶೇ. 18 ಜಿಎಸ್‌ಟಿ, 10 ಲಕ್ಷದ ಗಾಡಿಗೆ 1.1 ಲಕ್ಷ ಇಳಿಕೆ’ ಎಂಬ ಸಂದೇಶ ಬಳ್ಳಾರಿ, ಕೊಪ್ಪಳ, ರಾಯಚೂರಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದರಲ್ಲಿ ಎರಡು ತಪ್ಪುಗಳಿವೆ.

2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ದರದ ಪ್ರಕಾರ ಶೇ. 18 ಸಿಗಬೇಕಾದರೆ ಗಾಡಿಯ ಉದ್ದ 4,000 ಮಿ.ಮೀ. ದಾಟಬಾರದು, ಜೊತೆಗೆ ಎಂಜಿನ್ ಪೆಟ್ರೋಲ್ ಆದರೆ 1,200 ಸಿಸಿ, ಡೀಸೆಲ್ ಆದರೆ 1,500 ಸಿಸಿ ಮೀರಬಾರದು. ಎರಡೂ ಷರತ್ತು ಒಟ್ಟಿಗೇ ಕೂಡಬೇಕು. ಒಂದು ತಪ್ಪಿದರೂ ಶೇ. 40. ಕ್ರೆಟಾ ಉದ್ದದಲ್ಲೇ ಹೊರಗೆ. ಬ್ರೆಝಾ ಉದ್ದ 3,995 ಮಿ.ಮೀ., ಆದರೆ ಪೆಟ್ರೋಲ್ ಎಂಜಿನ್ 1,462 ಸಿಸಿ. ಜನ ಎಡವುವುದು ಇಲ್ಲೇ. ನೆಕ್ಸಾನ್‌ನ 1,199 ಸಿಸಿ ಪೆಟ್ರೋಲ್‌ಗೆ ಶೇ. 18.

ಇನ್ನು ಲೆಕ್ಕ. ಸಣ್ಣ ಪೆಟ್ರೋಲ್ ಗಾಡಿಗೆ ಮೊದಲು ಸೆಸ್ ಸೇರಿ ಶೇ. 29 ಇತ್ತು. ತೆರಿಗೆ ಬೀಳುವುದು ಮೂಲ ಬೆಲೆಯ ಮೇಲೆ, ಶೋರೂಂ ಬೆಲೆಯ ಮೇಲಲ್ಲ. ಹಳೆಯ 10 ಲಕ್ಷದಲ್ಲಿ ಮೂಲ ಬೆಲೆ ಸುಮಾರು 7.75 ಲಕ್ಷ, ಅದಕ್ಕೆ ಶೇ. 18 ಸೇರಿಸಿದರೆ 9.15 ಲಕ್ಷ. ಇಳಿಕೆ ಸುಮಾರು 85 ಸಾವಿರ. ಬ್ರೆಝಾದಂತೆ ಶೇ. 45ರಿಂದ 40ಕ್ಕೆ ಬಂದ 10 ಲಕ್ಷದ ಗಾಡಿಗಾದರೆ 34 ಸಾವಿರದ ಆಸುಪಾಸು, ಅಷ್ಟೇ. ರಸ್ತೆ ತೆರಿಗೆ, ವಿಮೆ ಬೇರೆ.

ಬಳ್ಳಾರಿಯಲ್ಲಿ ಕೊಂಡರೂ ರಾಯಚೂರಿನಲ್ಲಿ ಕೊಂಡರೂ ಜಿಎಸ್‌ಟಿ ದರ ಒಂದೇ. ಮುಂಗಡ ಕೊಡುವ ಮುನ್ನ ಬ್ರೋಷರ್‌ನಲ್ಲಿ ಉದ್ದ, ಸಿಸಿ ನೋಡಿ, ಕೊಟೇಶನ್‌ನಲ್ಲಿ ಜಿಎಸ್‌ಟಿ ಎಷ್ಟೆಂದು ಬೇರೆಯಾಗಿ ಬರೆಸಿಕೊಳ್ಳಿ. ಆ ಸಂದೇಶವನ್ನು ದಯವಿಟ್ಟು ಮುಂದೆ ಕಳಿಸಬೇಡಿ. ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.