ಬಿಡಿಸುವುದಾದರೆ ದೊಡ್ಡ ಪತ್ರಿಕೆಯನ್ನು ಬಿಡಿಸಿ

ಮಂಡ್ಯದ ನಮ್ಮ ಮನೆಗೆ ಬಹಳ ವರ್ಷಗಳಿಂದ ಎರಡು ಪತ್ರಿಕೆಗಳು ಬರುತ್ತಿದ್ದವು. ಒಂದು ರಾಜ್ಯಮಟ್ಟದ್ದು, ಇನ್ನೊಂದು ಮೈಸೂರಿನಿಂದ ಹೊರಡುವ ಸ್ಥಳೀಯ ದಿನಪತ್ರಿಕೆ. ಎರಡೂ ಸೇರಿ ಏಜೆಂಟರ ಬಿಲ್ಲು ತಿಂಗಳಿಗೆ ನಾನೂರು ರೂಪಾಯಿಯ ಆಸುಪಾಸಿನಲ್ಲಿರುತ್ತದೆ. ನಿವೃತ್ತ ಶಿಕ್ಷಕರಾದ ತಂದೆಯವರು ಮೊದಲು ಅದನ್ನು ಪಿಂಚಣಿಯಿಂದ ಕೊಡುತ್ತಿದ್ದರು, ಈಗ ಮೂರು ವರ್ಷಗಳಿಂದ ನಾನು ಚೆನ್ನೈನಿಂದ ಕಳಿಸುತ್ತಿದ್ದೇನೆ. ಕಳೆದ ಯುಗಾದಿಗೆ ಊರಿಗೆ ಹೋಗಿದ್ದಾಗ ತಂಗಿ, "ಎಲ್ಲಾ ಫೋನಲ್ಲೇ ಸಿಗುತ್ತಲ್ಲಣ್ಣ, ಒಂದನ್ನಾದ್ರೂ ಬಿಡಿಸು" ಎಂದಳು. ಬಿಡಿಸಬೇಕಾದದ್ದು ಸಣ್ಣ ಪತ್ರಿಕೆಯೇ ಎಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ನನಗೂ ಆಗ ಇರಲಿಲ್ಲವೆಂದು ಒಪ್ಪಿಕೊಳ್ಳಬೇಕು.

ಚೆನ್ನೈನಲ್ಲಿ ಹತ್ತೊಂಬತ್ತು ವರ್ಷ ಬದುಕಿದವನಿಗೆ ಸ್ಥಳೀಯ ಪತ್ರಿಕೆಗೆ ದುಡ್ಡು ಕೊಡುವುದೇ ವಿಚಿತ್ರವೆನಿಸುವುದು ಸಹಜ. ನಾನು ಮಂದವೇಲಿಯಲ್ಲಿ ಮನೆ ಮಾಡಿದ ಮೊದಲ ವಾರವೇ ಗೇಟಿನ ಒಳಗೆ 'ಮೈಲಾಪುರ್ ಟೈಮ್ಸ್' ಬಿದ್ದಿತ್ತು. ಯಾರು ಹಾಕಿದರು, ಚಂದಾ ಎಷ್ಟು ಎಂದು ಪಕ್ಕದ ಮನೆಯವರನ್ನು ವಿಚಾರಿಸಿದರೆ ಅವರು ನಕ್ಕರು. 1994ರಲ್ಲಿ ಆರಂಭವಾದ ಈ ಬಡಾವಣೆ ವಾರಪತ್ರಿಕೆ ಉಚಿತ. ಕಪಾಲೀಶ್ವರ ದೇವಸ್ಥಾನದ ಉತ್ಸವ, ಸಭಾಗಳ ಸಂಗೀತ ಕಚೇರಿ, ಯಾವ ಬೀದಿಯಲ್ಲಿ ಚರಂಡಿ ಅಗೆದು ಹಾಗೆಯೇ ಬಿಟ್ಟಿದ್ದಾರೆ ಎಂಬುದೆಲ್ಲ ಅದರಲ್ಲಿ ಇರುತ್ತಿತ್ತು. ಅದರ ಖರ್ಚನ್ನು ಭರಿಸುತ್ತಿದ್ದವರು ಅಕ್ಕಪಕ್ಕದ ಸೀರೆ ಅಂಗಡಿ, ಟ್ಯೂಷನ್ ಸೆಂಟರ್, ಮನೆ ಬಾಡಿಗೆಗಿದೆ ಎಂದು ಎರಡು ಸಾಲು ಹಾಕಿಸುವವರು. ಅಡ್ಯಾರ್ ಕಡೆಗೂ ಇದೇ ಬಗೆಯ ಪತ್ರಿಕೆಯಿದೆ. ಓದುಗನಿಗೆ ಬಿಡಿಗಾಸಿನ ಖರ್ಚಿಲ್ಲದೆ ಬೀದಿಯ ಸುದ್ದಿ ಸಿಗುವ ಈ ಏರ್ಪಾಡು ನಮ್ಮ ಊರಿಗೂ ಬರಬಾರದೇಕೆ ಎಂದು ನಾನು ಹಲವು ಸಲ ಯೋಚಿಸಿದ್ದುಂಟು.

ಅದಕ್ಕೆ ಉತ್ತರ ಹೊಳೆದದ್ದು ತಂದೆಯವರು ಪತ್ರಿಕೆ ಓದುವ ಕ್ರಮವನ್ನು ಈ ಸಲ ಪಕ್ಕದಲ್ಲಿ ಕುಳಿತು ನೋಡಿದಾಗ. ಕಾಫಿ ಲೋಟವನ್ನು ಜಗಲಿಯ ಮೇಲಿಟ್ಟು, ಸ್ಥಳೀಯ ಪತ್ರಿಕೆಯನ್ನು ಹರವಿ, ತಲೆಬರಹಗಳನ್ನೆಲ್ಲ ದಾಟಿ ಅವರು ಮೊದಲು ಹುಡುಕುವುದು ಬೆರಳೆರಡರಷ್ಟು ಅಗಲದ ಒಂದು ಚೌಕವನ್ನು: ಕೆಆರ್‌ಎಸ್ ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಅದನ್ನು ನೋಡಿ ಒಂದು ಸಲ 'ಹೂಂ' ಎಂದ ಮೇಲೆಯೇ ಉಳಿದದ್ದು. ಚೆನ್ನೈನ ಚಹಾ ಅಂಗಡಿಯಲ್ಲಿ ತಮಿಳು ಪತ್ರಿಕೆ ಹಿಡಿದು ಕುಳಿತ ಹಿರಿಯರೂ ಇಂಥದ್ದೇ ಒಂದು ಅಂಕಿಯನ್ನು ನೋಡುತ್ತಾರೆ, ಅಲ್ಲಿ ಅದು ಕಾವೇರಿಯ ಮೆಟ್ಟೂರು ಅಣೆಕಟ್ಟೆಯ 120 ಅಡಿಯ ಲೆಕ್ಕ. ಇಲ್ಲಿ ಹೊರಹರಿವು ಎಂದು ಅಚ್ಚಾದ ನೀರೇ ಕೆಲವು ದಿನಗಳ ನಂತರ ಅಲ್ಲಿ ಒಳಹರಿವು ಎಂದು ಅಚ್ಚಾಗುತ್ತದೆ. ಎರಡೂ ಕಡೆಯ ಓದುಗರ ಮುಖಭಾವ ಮಾತ್ರ ಒಂದೇ ಬಗೆಯದಲ್ಲ. 2015ರ ಡಿಸೆಂಬರಿನ ಪ್ರವಾಹ ಕಂಡ ಚೆನ್ನೈಯವರಿಗೆ ಮಳೆಗಾಲದಲ್ಲಿ ಚೆಂಬರಂಬಾಕ್ಕಂ ಕೆರೆಯ 24 ಅಡಿಯ ಲೆಕ್ಕವೂ ಬಾಯಿಪಾಠ.

ಅಣೆಕಟ್ಟೆಯ ಮಟ್ಟ ಫೋನಿನಲ್ಲೂ ಸಿಗುತ್ತದೆಯಲ್ಲ ಎಂಬುದು ತಂಗಿಯ ವಾದ. ಸಿಗುತ್ತದೆ, ನಿಜ. ಆದರೆ ನಮ್ಮ ಮನೆಗೆ ಬೇಕಾದದ್ದು ಮಟ್ಟವಷ್ಟೇ ಅಲ್ಲ. ನಮಗಿರುವ ಒಂದೂವರೆ ಎಕರೆ ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿದೆ. ನೀರಾವರಿ ಸಲಹಾ ಸಮಿತಿ ಏನು ತೀರ್ಮಾನಿಸಿತು, ಕಟ್ಟು ಪದ್ಧತಿಯಲ್ಲಿ ಎಷ್ಟು ದಿನ ನೀರು ಬಿಟ್ಟು ಎಷ್ಟು ದಿನ ನಿಲ್ಲಿಸುತ್ತಾರೆ, ಭತ್ತ ಹಾಕಬಹುದೋ ಅಥವಾ ಅರೆ ನೀರಾವರಿ ಬೆಳೆಗೆ ತೃಪ್ತರಾಗಬೇಕೋ, ಮಂಡ್ಯದ ಸಕ್ಕರೆ ಕಾರ್ಖಾನೆ ಮೈಷುಗರ್ ಈ ಸಲ ಕಬ್ಬು ಅರೆಯುವುದು ಯಾವಾಗ ಎಂಬುದರ ಮೇಲೆ ಗುತ್ತಿಗೆಗೆ ಮಾಡುವವನ ಇಡೀ ವರ್ಷ ನಿಂತಿದೆ. ಎರಡು ವರ್ಷದ ಹಿಂದೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಾಲೆಗೆ ನೀರು ಬಿಡುವ ದಿನಾಂಕವೆಂದು ಒಂದು ಪ್ರಕಟಣೆ ಹರಿದಾಡಿತು. ಅದನ್ನು ನಂಬಿ ಅವನು ಒಟ್ಟಲಿಗೆ, ಅಂದರೆ ಸಸಿಮಡಿಗೆ, ಭತ್ತ ಚೆಲ್ಲಿಬಿಟ್ಟ. ಪ್ರಕಟಣೆಯೇನೋ ಅಸಲಿಯೇ, ಆದರೆ ಅದು ಅದರ ಹಿಂದಿನ ವರ್ಷದ್ದು. ವರ್ಷವಿದ್ದ ಭಾಗವನ್ನು ಯಾರೋ ಕತ್ತರಿಸಿದ್ದರು. ಪೈರು ಬಾಡಿದ ಮೇಲೆ ಯಾರನ್ನು ಕೇಳುವುದು? ಕಳಿಸಿದವನಿಗೆ ಅದನ್ನು ಇನ್ನಾರೋ ಕಳಿಸಿದ್ದರು.

ಪತ್ರಿಕೆಗೆ ತಲೆಯ ಮೇಲೆ ದಿನಾಂಕವಿರುತ್ತದೆ, ಕೊನೆಯ ಪುಟದ ಅಡಿಯಲ್ಲಿ ಇರುವೆಯಂಥ ಅಕ್ಷರಗಳಲ್ಲಿ ಮುದ್ರಕರು, ಪ್ರಕಾಶಕರು, ಸಂಪಾದಕರು ಯಾರು ಎಂಬ ಸಾಲಿರುತ್ತದೆ. ಮುದ್ರಕ, ಪ್ರಕಾಶಕರ ಹೆಸರು ಪ್ರತಿಯೊಂದು ಪ್ರತಿಯ ಮೇಲೂ ಇರಲೇಬೇಕೆಂದು ವಿಧಿಸಿದ್ದು ಬ್ರಿಟಿಷರ ಕಾಲದ 1867ರ ಕಾಯಿದೆ. ಅದರ ಜಾಗಕ್ಕೆ 2023ರ ಕಾಯಿದೆ ಬಂದಿದ್ದರೂ ಆ ಸಾಲು ಉಳಿದುಕೊಂಡಿದೆ. ಸಾಮಾನ್ಯ ದಿನಗಳಲ್ಲಿ ಯಾರೂ ಓದದ ಆ ಸಾಲಿಗೇ ನಾನು ಅರ್ಧ ಚಂದಾ ಕೊಡುತ್ತಿದ್ದೇನೆಂದು ಈಗ ಅನಿಸುತ್ತದೆ.

ಉಳಿದರ್ಧ ಜಾಹೀರು ಪ್ರಕಟಣೆಗಳಿಗೆ. ಸ್ಥಳೀಯ ಪತ್ರಿಕೆಯ ಒಳಪುಟಗಳಲ್ಲಿ ವಕೀಲರ ಹೆಸರಿನಲ್ಲಿ ಅಚ್ಚಾಗುವ, ಚೆಕ್ಕುಬಂದಿ (ಸ್ವತ್ತಿನ ನಾಲ್ಕು ದಿಕ್ಕಿನ ಗಡಿ) ಸಮೇತ ಒತ್ತೊತ್ತಾಗಿ ತುಂಬಿದ ಆ ಪ್ಯಾರಾಗಳನ್ನು ನಾನು ಯಾವತ್ತೂ ಓದಿದವನಲ್ಲ. ತಂದೆಯವರು ಓದುತ್ತಾರೆ, ಅದೂ ಪೆನ್ನು ಹಿಡಿದು. ಒಮ್ಮೆ ಅಂಥದ್ದೊಂದು ಪ್ರಕಟಣೆಯಲ್ಲಿ ಚಿಕ್ಕಪ್ಪನವರ ನಿವೇಶನದ ನಂಬರು ಕಾಣಿಸಿತು: ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಂಥವರ ಸ್ವತ್ತು, ಈ ಸ್ವತ್ತನ್ನು ನಮ್ಮ ಕಕ್ಷಿದಾರರು ಕ್ರಯಕ್ಕೆ ಪಡೆಯುತ್ತಿದ್ದು ತಕರಾರಿದ್ದವರು ಏಳು ದಿನಗಳೊಳಗೆ ದಾಖಲೆ ಸಮೇತ ತಿಳಿಸತಕ್ಕದ್ದು. ಚಿಕ್ಕಪ್ಪನವರು ಮಾರಲು ಹೊರಟೇ ಇರಲಿಲ್ಲ. ನಕಲಿ ಪತ್ರ ಇಟ್ಟುಕೊಂಡ ಯಾರೋ ಮಾರುತ್ತಿದ್ದರು. ನಾಲ್ಕನೆಯ ದಿನ ತಕರಾರು ಹೋಯಿತು, ವ್ಯವಹಾರ ಅಲ್ಲಿಗೇ ನಿಂತಿತು. ಆ ಒಂದು ಪ್ಯಾರಾ ಉಳಿಸಿದ ಹಣದಲ್ಲಿ ನಮ್ಮ ಮೂರು ತಲೆಮಾರು ಪತ್ರಿಕೆ ತರಿಸಬಹುದು.

ಉಚಿತ ವಾರಪತ್ರಿಕೆ ನಮ್ಮ ಕಡೆ ಏಕೆ ನಡೆಯದು ಎಂಬುದೂ ಆಗ ಅರ್ಥವಾಯಿತು. ಅಂಗಡಿಯವನ ಹಣದಿಂದ ನಡೆಯುವ ಪತ್ರಿಕೆ ಅಂಗಡಿಯ ಗಿರಾಕಿಗಳಿರುವಷ್ಟು ದೂರ ಮಾತ್ರ ಹೋಗುತ್ತದೆ. ಮೈಲಾಪುರದಲ್ಲಿ ಎರಡು ಬೀದಿಗೆ ಇರುವಷ್ಟು ಮಳಿಗೆಗಳು ನಾಗಮಂಗಲದ ಇಡೀ ತಾಲ್ಲೂಕಿಗೆ ಇಲ್ಲ. ಮೈಸೂರಿನ ಪತ್ರಿಕೆಗಳು ಮೊದಲಿನಿಂದಲೂ ಬೇರೆ ದಾರಿ ಹಿಡಿದವು. ರಾಜಶೇಖರ ಕೋಟಿಯವರು 1972ರಲ್ಲಿ ಧಾರವಾಡದಲ್ಲಿ ಆರಂಭಿಸಿ ಮೈಸೂರಿಗೆ ತಂದ 'ಆಂದೋಲನ'ವಾಗಲಿ, ಕೆ.ಬಿ. ಗಣಪತಿಯವರು 1978ರಲ್ಲಿ ಆರಂಭಿಸಿದ 'ಮೈಸೂರು ಮಿತ್ರ' ಮತ್ತು ಇಂಗ್ಲಿಷ್ ಸಂಜೆ ಪತ್ರಿಕೆ 'ಸ್ಟಾರ್ ಆಫ್ ಮೈಸೂರ್' ಆಗಲಿ ಓದುಗ ಕಾಸು ಕೊಡುತ್ತಾನೆಂಬ ನಂಬಿಕೆಯಿಂದಲೇ ನಿಂತವು. (1970ರಿಂದ ಸಂಸ್ಕೃತದಲ್ಲಿ 'ಸುಧರ್ಮಾ' ಎಂಬ ದಿನಪತ್ರಿಕೆ ಹೊರಡುವುದೂ ಅದೇ ಊರಿನಿಂದ ಎಂದರೆ ಚೆನ್ನೈನ ಗೆಳೆಯರು ಮೊದಲು ನಂಬುವುದಿಲ್ಲ.)

ಹಾಗೆಂದು ನಮ್ಮ ಕಡೆಯ ಸಣ್ಣ ಪತ್ರಿಕೆಗಳೆಲ್ಲ ಸೊಗಸಾಗಿವೆಯೆಂದು ನಾನು ಹೇಳಲಾರೆ. ಮುಖಂಡರೊಬ್ಬರ ಹುಟ್ಟುಹಬ್ಬ ಬಂದರೆ ಮುಖಪುಟವೇ ಕಾಣೆಯಾಗುತ್ತದೆ, ಉದ್ಘಾಟನೆಯ ದೀಪದ ಸುತ್ತ ನಿಂತ ಹನ್ನೆರಡು ಜನರ ಹೆಸರುಗಳು ಸುದ್ದಿಗಿಂತ ಉದ್ದವಾಗಿರುತ್ತವೆ, ಕಚೇರಿಯಿಂದ ಬಂದ ಪ್ರಕಟಣೆ ಕಾಗುಣಿತದ ತಪ್ಪಿನ ಸಮೇತ ಹಾಗೆಯೇ ಅಚ್ಚಾಗುತ್ತದೆ. ಚಂದಾದಾರ ಕೊಡುವ ದುಡ್ಡು ಕಾಗದದ ಖರ್ಚಿಗೂ ಸಾಲದಿರುವುದರಿಂದ ಜಾಹೀರಾತಿನ ಹಂಗು ಇಲ್ಲೂ ತಪ್ಪಿದ್ದಲ್ಲ. ಆದರೂ ಯಾರ ಮನೆಯಲ್ಲಿ ಉತ್ತರಕ್ರಿಯೆ, ಯಾವ ಫೀಡರ್‌ನಲ್ಲಿ ನಾಳೆ ಬೆಳಿಗ್ಗೆ ಹತ್ತರಿಂದ ವಿದ್ಯುತ್ ವ್ಯತ್ಯಯ, ಯಾವ ಸೊಸೈಟಿಯ ಚುನಾವಣೆ ಮುಂದಕ್ಕೆ ಹೋಯಿತು ಎಂಬುದನ್ನು ಒಬ್ಬ ವರದಿಗಾರ ಬೈಕಿನಲ್ಲಿ ಸುತ್ತಿ ತರದಿದ್ದರೆ ಅದು ಇನ್ನೆಲ್ಲೂ ಬರುವುದಿಲ್ಲ. ವಿಧಾನಸೌಧದ ಸುದ್ದಿ ಹಾಗಲ್ಲ, ಅದು ರಾತ್ರಿಯೇ ಟಿವಿಯಲ್ಲಿ ನಾಲ್ಕು ಸಲ ಬಂದು, ಫೋನಿನಲ್ಲಿ ಹತ್ತು ಸಲ ಬಂದು, ಬೆಳಿಗ್ಗೆ ರಾಜ್ಯಮಟ್ಟದ ಪತ್ರಿಕೆಯಲ್ಲಿ ಹದಿನೈದನೆಯ ಸಲ ಬರುತ್ತದೆ.

ಆದ್ದರಿಂದ ತಂಗಿಯ ಮಾತನ್ನು ಅರ್ಧ ಕೇಳಿದೆ, ಬಿಡಿಸಿದ್ದು ದೊಡ್ಡ ಪತ್ರಿಕೆಯನ್ನು. ಏಜೆಂಟರಿಗೆ ಫೋನು ಮಾಡಿ ಹೇಳಿದಾಗ ಅವರು, "ಅದನ್ನೇ ಬಿಡಿಸ್ತೀರಾ ಸಾರ್? ಎಲ್ಲಾರೂ ಸಣ್ಣದನ್ನ ಬಿಡಿಸ್ತಾರೆ" ಎಂದು ಎರಡು ಸಲ ಕೇಳಿ ಖಾತ್ರಿಪಡಿಸಿಕೊಂಡರು. ತಂದೆಯವರು ಒಪ್ಪಿದರು, ಆದರೆ ಮೂರನೆಯ ದಿನವೇ ಪದಬಂಧವಿಲ್ಲದೆ ಮಧ್ಯಾಹ್ನ ಕಳೆಯುವುದು ಕಷ್ಟವೆಂದರು. ಈಗ ಭಾನುವಾರ ಒಂದು ದಿನ ಮಾತ್ರ ದೊಡ್ಡದನ್ನೂ ಹಾಕಲು ಹೇಳಿದ್ದೇನೆ. ಆ ಒಂದು ಪದಬಂಧವನ್ನು ಅವರು ವಾರವಿಡೀ ಮಡಿಸಿ ಇಟ್ಟುಕೊಂಡು, ದಿನಕ್ಕೆ ನಾಲ್ಕೈದು ಮನೆಗಳಂತೆ ತುಂಬುತ್ತಿದ್ದಾರೆ.